ಮೂಸಿ ನೋಡಿ ಮನೆ ಕೊಂಡ ಆಂಟಿ

ಜೂಂಡಲಪ್‌ನ ಆ ಮನುಷ್ಯ, ಮಾರಾಟಕ್ಕಿಟ್ಟಿದ್ದ ತನ್ನ ಮೋಟರ್‌ಹೋಮಿನ ಬಾಗಿಲು ತೆರೆದು, ಮದುವೆಗೆ ಹೆಣ್ಣು ತೋರಿಸುವವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಒಳಗೆ ಲೇಸಿನ ಪರದೆ, ಗೋಡೆಗೆ ಟೀವಿ, ಮೈಕ್ರೋವೇವ್, ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ಹೊಳೆಯುವ ಸಿಂಕು. ನಾನು ಹೊಸ್ತಿಲಲ್ಲೇ ಮನಸೋತೆ. ಮನಸ್ಸಿನಲ್ಲೇ ಹಾಸಿಗೆಯ ಮೇಲೆ ಮೂರು ಸಲ ಉರುಳಾಡಿಯೂ ಆಗಿತ್ತು. ಆಂಟಿ ಮಾತ್ರ ಇದ್ಯಾವುದರ ಕಡೆಗೂ ಕಣ್ಣೆತ್ತದೆ ಸೀದಾ ಹಿಂದಿನ ಮೂಲೆಗೆ ಹೋಗಿ, ಬಟ್ಟೆ ಬೀರುವಿನ ಬಾಗಿಲು ತೆಗೆದು, ತಲೆಯನ್ನು ಭುಜದವರೆಗೆ ಒಳಗೆ ತೂರಿಸಿದರು. ಹೊರಗೆ ಕಾಣುತ್ತಿದ್ದದ್ದು ಒಂದು ಹತ್ತಿ ಸೀರೆ, ಅದರ ಕೆಳಗೊಂದು ಜೊತೆ ಸ್ಪೋರ್ಟ್ಸ್ ಶೂ. ಒಳಗಿನಿಂದ ಉಸಿರೆಳೆದುಕೊಳ್ಳುವ ಸದ್ದು ಕೇಳಿಸಿತು. ಅಂಥ ಉಸಿರಿಗೆ ಹ್ಯಾಂಗರುಗಳೆಲ್ಲ ಮೂಗಿನ ಕಡೆಗೆ ವಾಲಿರಬೇಕು.

ತಲೆ ಹೊರಗೆ ಬಂತು. ಹೆಬ್ಬೆರಳಿನಿಂದ ಗೋಡೆಯನ್ನು ಒಮ್ಮೆ ಒತ್ತಿದರು.

"ಒಳ್ಗೆ ಹುಳ ಸತ್ತೋಗದೆ ಕಣಮ್ಮಿ. ನಡಿ."

"ಏನು ಹೇಳ್ತಿದ್ದಾರೆ ಅವರು?" ಎಂದು ಆ ಮನುಷ್ಯ ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದ.

"ತುಂಬ ಸುಂದರವಾಗಿದೆಯಂತೆ. ಮನೆಯವರನ್ನು ಕೇಳಿ ತಿಳಿಸ್ತಾರಂತೆ" ಎಂದೆ ನಾನು. ಅನುವಾದದಲ್ಲಿ ನನಗೆ ಸಮ ಇಡೀ ಪರ್ತ್‌ನಲ್ಲಿ ಯಾರೂ ಇಲ್ಲ.

ಬೀದಿಗೆ ಬಂದ ಮೇಲೆ ಆಂಟಿ ಬಿಡಿಸಿ ಹೇಳಿದರು. "ಹಳೇ ಗಾಡೀಲಿ ಒಂದೇ ಒಂದ್ ಮೂಲೆಗೆ ಯಾಕಮ್ಮಿ ಹೊಸಾ ಬಣ್ಣ? ಒತ್ತುದ್ರೆ ಇಡ್ಲಿ ಒತ್ದಂಗೆ ಒಳಕ್ಕೋಯ್ತು. ಸೂರಿಂದ ನೀರ್ ಇಳ್ದು ಮರ ಕೊಳ್ತದೆ. ಆ ವಯ್ಯ ಅದುರ ಮೇಲೆ ಪೌಡ್ರು ಬಳ್ದವ್ನೆ."

ಈ ಆಂಟಿ ಪರ್ತ್‌ನ ಥಾರ್ನ್ಲಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು. ಹೆಸರು ಹೇಳುವ ಹಾಗಿಲ್ಲ. ಇದನ್ನು ಬರೆಯುತ್ತೇನೆಂದು ಫೋನಿನಲ್ಲಿ ಕೇಳಿದಾಗ ಅವರು ಕೊಟ್ಟ ಅಪ್ಪಣೆಯೇ ಹಾಗಿತ್ತು. "ಬರ್ಕೊ ಓಗು. ನನ್ನೆಸ್ರು ಮಾತ್ರ ಹಾಕ್ಬೇಡ. ನೀನು ಒಂದ್ನ ನಾಕು ಮಾಡಿ ಹೇಳೋಳು. ಓದ್ದೋರು ಬಂದು ಮಿಕ್ಕಿದ್ ಮೂರು ಎಲ್ಲಿ ಅಂತ ನನ್ನ ಕೇಳ್ತಾರೆ." ಆದ್ದರಿಂದ ಓದುವವರು ಸಂದರ್ಭ ನೋಡಿಕೊಂಡು ನಾಲ್ಕರಿಂದ ಭಾಗಿಸಿಕೊಳ್ಳಬೇಕು. ಆಂಟಿಯ ಮೂಗಿನ ವಿಷಯದಲ್ಲಿ ಮಾತ್ರ ಭಾಗಿಸಬೇಡಿ.

ರಾಮನಗರದಲ್ಲಿ ಅವರು ಇಪ್ಪತ್ತಾರು ವರ್ಷ ನೂಲು ಬಿಚ್ಚುವ ಘಟಕ ನಡೆಸಿದವರು. ದಿನಾ ಬೆಳಿಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ, ಗಂಡಸರ ಗುಂಪಿನಲ್ಲಿ ಭುಜ ಕೊಟ್ಟು ನುಗ್ಗಿ, ಹರಾಜು ಶುರುವಾಗುವುದರೊಳಗೆ ಯಾವ ಲಾಟ್ ಕೊಳ್ಳಬೇಕೆಂದು ತೀರ್ಮಾನಿಸಬೇಕಿತ್ತು. ತಟ್ಟೆಯ ಮೇಲುಗಡೆ ಎಲ್ಲರೂ ಚೆಂದದ ಗೂಡನ್ನೇ ಹರಡಿರುತ್ತಾರಂತೆ. ಆಂಟಿ ಕೈಯನ್ನು ಮೊಣಕೈವರೆಗೆ ತಳಕ್ಕಿಳಿಸಿ ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಹುಳ ಟಕ್ ಟಕ್ ಎಂದರೆ ಸರಿ. ಸದ್ದಿಲ್ಲದಿದ್ದರೆ ಅದು ಸತ್ತು ಗೂಡಿಗೇ ಅಂಟಿಕೊಂಡಿದೆ, ನೂಲು ಎಳೆದರೆ ತುಂಡು ತುಂಡು. ವರ್ಷಗಟ್ಟಲೆ ಕುದಿಯುವ ನೀರಿನಲ್ಲಿ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಬೆಂದು ನುಣ್ಣಗಾಗಿದ್ದವು. ಗೆರೆ ಎಂಬುದೇ ಇರಲಿಲ್ಲ. ಮಗಳು ಕೊಡಿಸಿದ ಹೊಸ ಫೋನು ಅವರ ಬೆರಳನ್ನು ಗುರುತಿಸಲು ಒಪ್ಪದೆ, ಯಾರೋ ಕಳ್ಳಿ ಬಂದಳೆಂದು ಪ್ರತಿಸಲವೂ ಬಾಗಿಲು ಹಾಕಿಕೊಳ್ಳುತ್ತಿತ್ತು.

ಅಂಕಲ್ ಹೈಸ್ಕೂಲಿನ ಡ್ರಿಲ್ ಮೇಷ್ಟರಾಗಿದ್ದವರು. ಒಂದು ಕಾಲಕ್ಕೆ ಅವರ ಸೀಟಿ ಊರಾಚೆಗೂ ಕೇಳುತ್ತಿತ್ತಂತೆ. ಇಬ್ಬರೂ ಮಗಳ ಜೊತೆ ಇರಲು ಪರ್ತ್‌ಗೆ ಬಂದರು. ಅದಾದ ಮೇಲೆ ಅಂಕಲ್‌ಗೆ ಶ್ವಾಸಕೋಶ ತೂತಾಯಿತು. ಒಮ್ಮೆ ವಾಸಿಯಾಗಿ ಮತ್ತೊಮ್ಮೆ ತೂತಾಯಿತು. ವಿಮಾನ ಹತ್ತಲೇಕೂಡದು ಎಂದರು ಡಾಕ್ಟರು. ಅಷ್ಟರಲ್ಲಿ ಅಳಿಯನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿ ಮಗಳು ಅಲ್ಲಿಗೆ ಹೋದರು, ಇವರಿಬ್ಬರೂ ಇಲ್ಲೇ ಉಳಿದರು. ಆಂಟಿಯ ಮಗಳನ್ನು ನಾನು ಅಕ್ಕ ಎನ್ನುತ್ತೇನೆ. ಆ ಅಕ್ಕ ಬಸುರಿಯಾದರು. ಆಗಸ್ಟ್ ನಡುವಿನಲ್ಲಿ ದಿನ ಕೊಟ್ಟಿದ್ದರು.

ಚೊಚ್ಚಲ ಬಾಣಂತನ. ಅಮ್ಮ ಹೋಗಲೇಬೇಕು. ಅಂಕಲ್‌ರನ್ನು ಒಬ್ಬರನ್ನೇ ಬಿಟ್ಟು ಹೋಗುವ ಹಾಗಿಲ್ಲ, ಹಾರಿಸಿಕೊಂಡು ಹೋಗುವ ಹಾಗೂ ಇಲ್ಲ. ಹೇಗೋ ರೈಲಿನಲ್ಲಿ ತಲುಪಿದರೂ ಅಕ್ಕನ ಯೂನಿಟ್ಟಿನಲ್ಲಿ ಮಲಗುವ ಕೋಣೆ ಒಂದೇ. ಅದೂ ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಂಕಲ್ ನಾಲ್ಕು ಮಾತಾಡಿದರೆ ಒಮ್ಮೆ ನಿಂತು ಉಸಿರು ತುಂಬಿಕೊಳ್ಳುವವರು, ಮೂರು ಮಹಡಿ ಹತ್ತುವುದೆಲ್ಲಿ? ಆಂಟಿ ಎರಡು ದಿನ ಯಾರ ಜೊತೆಗೂ ಮಾತಾಡದೆ ಕಾಫಿ ಕುಡಿದು, ಮೂರನೇ ದಿನ ಬೇಲಿಯ ಮೇಲಿಂದ ನನ್ನನ್ನು ಕೂಗಿದರು.

"ಚಿನ್ನೂ, ಮನೆ ಇರೋ ಗಾಡಿ ಬತ್ತದಲ್ಲ, ಮುದುಕ್ರು ಊರೂರ್ ಸುತ್ತೋದು. ಹಳೇದು ಎಷ್ಟುಕ್ ಸಿಗ್ತದೆ ನೋಡು."

"ಆಂಟಿ, ಓಡ್ಸೋದ್ ಯಾರು?"

ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗೂಡಿನ ಮೂಟೆ ಹೇರಿದ ಟೆಂಪೋವನ್ನು ಮಾರುಕಟ್ಟೆಯ ಗೇಟಿನಲ್ಲಿ ಎರಡು ಎತ್ತಿನ ಗಾಡಿಗಳ ನಡುವೆ ರಿವರ್ಸ್ ತೆಗೆದ ಹೆಂಗಸನ್ನು ಕೇಳಬಾರದ ಪ್ರಶ್ನೆ ಅದು. ಇಲ್ಲಿ ಲೈಸೆನ್ಸ್ ಪರೀಕ್ಷೆಗೆ ಕೂತಾಗ ಎರಡು ಕಾರುಗಳ ನಡುವೆ ನಿಲ್ಲಿಸಿ ತೋರಿಸಿ ಎಂದರಂತೆ. ಇವರು ಒಂದೇ ಸಲಕ್ಕೆ ನಿಲ್ಲಿಸಿ, "ಇಷ್ಟೊಂದ್ ಜಾಗ ಯಾಕೆ ಬುಟ್ಟವ್ರೆ?" ಎಂದು ಪರೀಕ್ಷಕರನ್ನೇ ಕೇಳಿದರಂತೆ. ಕನ್ನಡದಲ್ಲಿ.

ಕೈಯಲ್ಲಿದ್ದದ್ದು ಹದಿನೆಂಟು ಸಾವಿರ ಡಾಲರ್. ಆ ಹಣಕ್ಕೆ ಸಿಗುವ ಮೋಟರ್‌ಹೋಮುಗಳು ನನಗಿಂತ ವಯಸ್ಸಾದವು. ಜುಲೈ ರಜೆ ಶುರುವಾಗಿತ್ತು, ನನಗೆ ಹದಿನಾರು, ಹೊಸದಾಗಿ ಲರ್ನರ್ ಪರ್ಮಿಟ್ ಸಿಕ್ಕಿತ್ತು, ಆದ್ದರಿಂದ ವಾಹನಗಳ ಬಗ್ಗೆ ನನಗೆ ತಿಳಿಯದ್ದು ಏನೂ ಉಳಿದಿರಲಿಲ್ಲ. ಇಂಟರ್‌ನೆಟ್ ಜಾಲಾಡಿ ನಲವತ್ತೆರಡು ಪ್ರಶ್ನೆಗಳ ಪಟ್ಟಿ ಮಾಡಿದೆ. ಎಂಜಿನ್ನಿಗೆ ನೀಲಿ, ಗ್ಯಾಸಿಗೆ ಕೆಂಪು, ನೀರಿನ ಟ್ಯಾಂಕಿಗೆ ಹಸಿರು ಇಂಕು. ಆಂಟಿ ಪಟ್ಟಿಯನ್ನು ತಿರುಗಿಸಿ, ಮುರುಗಿಸಿ ನೋಡಿ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮೊದ್ಲು ಮೂಗ್ ಹಾಕು. ಆಮೇಲ್ ಪೇಪರು."

ನನ್ನ ಲೆಕ್ಕದಲ್ಲಿ ನಾವು ಅರವತ್ತು ಗಾಡಿ ನೋಡಿದೆವು, ಆಂಟಿ ಲೆಕ್ಕದಲ್ಲಿ ಹದಿನೈದು. ಅವರ ಪುಟ್ಟ ಕಾರಿನ ಹಿಂದಿನ ಸೀಟಿನಲ್ಲಿ ಅಂಕಲ್, ಮುಂದೆ ನಾನು. ಮಳೆ ಬಂದರೆ ಎಲ್ಲರೂ ಮನೆಯೊಳಗೆ ಸೇರಿಕೊಳ್ಳುವ ಊರಿನಲ್ಲಿ, ಮೋಡ ಕಂಡ ತಕ್ಷಣ ಆಂಟಿ ಕೀಲಿ ಎತ್ತಿಕೊಳ್ಳುತ್ತಿದ್ದರು. ಸೋರುವ ಗಾಡಿ ಮಳೆಯಲ್ಲಿ ಸುಳ್ಳು ಹೇಳಲಾರದು ಎಂಬುದು ಅವರ ಲೆಕ್ಕ. ಹೋದಲ್ಲೆಲ್ಲ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಬೆಚ್ಚಗಿದ್ದರೆ ಮುಗಿಯಿತು. "ನಾವ್ ಬರಾಕ್ ಮುಂಚೇನೆ ಎಬ್ಸಿ ಕೂರ್ಸವ್ರೆ. ತಣ್ಗಿರೋ ಎಂಜಿನ್ನು ಎಂಗ್ ಏಳ್ತದೆ ಅನ್ನೋದೇ ತಾನೆ ನೋಡ್ಬೇಕಾದ್ದು?" ಎಂದು ಮತ್ತೆ ಕಾರು ಹತ್ತಿಬಿಡುತ್ತಿದ್ದರು. ಒಬ್ಬಾಕೆ ಹಾಸಿಗೆಯ ಮೇಲೆ ಹದಿನಾಲ್ಕು ದಿಂಬು ಜೋಡಿಸಿಟ್ಟಿದ್ದಳು. ಆಂಟಿ ಹದಿನಾಲ್ಕನ್ನೂ ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟು, ಹಾಸಿಗೆ ಮಗುಚಿ, ಕೆಳಗಿನ ಹಲಗೆಯ ಮೇಲೆ ನೀರಿನ ಕಲೆ ತೋರಿಸಿದರು. ನಾನು ದಿಂಬಿನ ರಾಶಿಯ ಹಿಂದಿನಿಂದ ಅನುವಾದ ಮಾಡಬೇಕಾಯಿತು.

ಇಡೀ ಹುಡುಕಾಟದಲ್ಲಿ ನನಗೂ ಒಂದು ಗೆಲುವು ಸಿಕ್ಕಿತು, ಅದನ್ನು ಬಿಡುವ ಹಾಗಿಲ್ಲ. ಒಂದು ಗಾಡಿಯ ಟೈರು ಹೊಸದರ ಹಾಗೆ ದಪ್ಪ ಹಲ್ಲು ಕಿಸಿದು ನಿಂತಿತ್ತು. ನಾನು ಮಂಡಿಯೂರಿ, ರಬ್ಬರಿನ ಮೇಲೆ ಅಚ್ಚಾಗಿದ್ದ ನಾಲ್ಕು ಅಂಕಿ ಓದಿ, "ಆಂಟಿ, ಇದು ಹುಟ್ಟಿದ ವಾರ ಮತ್ತು ವರ್ಷ. ಹಲ್ಲಿದ್ರೂ ಟೈರ್‌ಗೆ ಹನ್ನೊಂದು ವರ್ಷ ಆಗಿದೆ, ಒಡೆಯುತ್ತೆ" ಎಂದೆ. ಆಂಟಿ ತಾವೂ ಬಗ್ಗಿ ನೋಡಿ, ತಲೆಯಾಡಿಸಿ, "ಅದೊಂದ್ ಒಳ್ಳೇದ್ ಹೇಳ್ದೆ" ಎಂದರು. ಅಮ್ಮ ಅಪ್ಪ ಇಬ್ಬರೂ ಸೇರಿ ಹದಿನಾರು ವರ್ಷದಲ್ಲಿ ನನ್ನನ್ನು ಹೊಗಳಿದ್ದು ಇದರ ಅರ್ಧದಷ್ಟೂ ಇರಲಿಕ್ಕಿಲ್ಲ.

ದಿನಾ ಸಂಜೆ ಅಕ್ಕ ವಿಡಿಯೋ ಕಾಲ್ ಮಾಡುತ್ತಿದ್ದರು. ಕಣ್ಣಿನ ಸುತ್ತ ಕಪ್ಪು. ಬೆನ್ನುನೋವಿಗೆ ಯಾವ ಮಗ್ಗುಲಲ್ಲಿ ಮಲಗಿದರೂ ನಿದ್ದೆಯಿಲ್ಲ. ಮೊದಲ ಪ್ರಶ್ನೆ ಒಂದೇ: "ಅಮ್ಮಾ, ಗಾಡಿ ಸಿಕ್ತಾ?"

"ಸಿಗ್ತದೆ ಬುಡು. ನೀನ್ ಉಂಡ್ಯಾ?" ಎನ್ನುತ್ತಿದ್ದರು ಆಂಟಿ.

ಜುಲೈ ಎರಡನೇ ವಾರ ನಮ್ಮ ಹತ್ತಿರದ ಬಡಾವಣೆ ಕ್ಯಾನಿಂಗ್ಟನ್‌ನಲ್ಲಿ ಸಿಕ್ಕೇಬಿಟ್ಟಿತು. ಒಬ್ಬ ಮುದುಕಪ್ಪನ ಗಾಡಿ. ಬಾನೆಟ್ ಐಸಿನಂತೆ ತಣ್ಣಗಿತ್ತು. ಬೀರು ಮೂಸಿದರೆ ನ್ಯಾಫ್ತಲಿನ್ ಗುಳಿಗೆ ಬಿಟ್ಟರೆ ಬೇರೇನೂ ಇಲ್ಲ. ಆಂಟಿ ಗೋಡೆಯನ್ನು ಗಾಡಿಯುದ್ದಕ್ಕೂ ಗೆಣ್ಣಿನಿಂದ ತಟ್ಟುತ್ತ ಹೋದರು, ಎಲ್ಲ ಕಡೆ ಒಂದೇ ಸದ್ದು. ಅಂಕಲ್‌ರನ್ನು ಹಾಸಿಗೆಯ ಮೇಲೆ ಮಲಗಿಸಿ, ಎಬ್ಬಿಸಿ, ಟಾಯ್ಲೆಟ್ಟಿಗೆ ಎಷ್ಟು ಹೆಜ್ಜೆಯೆಂದು ನಡೆಸಿ ನೋಡಿದರು. ಐದು ಹೆಜ್ಜೆ. ಬೆಲೆ ನಮ್ಮ ಮಿತಿಯೊಳಗೆ. ಆಂಟಿ ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಮುದುಕಪ್ಪ ಹೇಳಿದ: "ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬರ್ತೀನಿ. ಇನ್ನೂ ಇಬ್ಬರು ಕೇಳಿದ್ದಾರೆ. ಮೊದಲು ಬಂದು ಮುಂಗಡ ಕೊಟ್ಟವರಿಗೆ."

ಇಲ್ಲಿಂದ ಮುಂದಿನದು ನನ್ನ ಸಾಧನೆ.

ಅಂಕಲ್‌ದು ಒಂದೇ ಬೇಡಿಕೆ. ಮುಂಗಡ ರಾಹುಕಾಲದಲ್ಲಿ ಬೇಡ. ಹರಾಜಿನ ಗಂಟೆ ಹೊಡೆದಾಗ ರಾಹುವನ್ನೂ ಕೇತುವನ್ನೂ ಒಟ್ಟಿಗೆ ಪಕ್ಕಕ್ಕೆ ತಳ್ಳಿ ನುಗ್ಗುತ್ತಿದ್ದ ಆಂಟಿ, ಈಗ ಅಂಕಲ್‌ರ ಉಸಿರಿನ ಮುಖ ನೋಡಿ ಆಗಲಿ ಎಂದರು. ಅಡುಗೆಮನೆಯಲ್ಲಿ ಬೆಂಗಳೂರಿನ ಕ್ಯಾಲೆಂಡರ್ ತೂಗುತ್ತಿತ್ತು. ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. "ಒಂದ್ ಗಂಟೆಗೆ ಓಗಿ ನಿಂತ್ಕೊಳಾನ. ಸರಿಯಾಯ್ತದೆ" ಎಂದರು ಆಂಟಿ.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿದಿತ್ತು. "ಆಂಟಿ, ಒನ್ ಸೆಕೆಂಡ್! ಇದು ಇಂಡಿಯಾ ಟೈಮು. ಪರ್ತ್ ಎರಡೂವರೆ ಗಂಟೆ ಮುಂದೆ ಇದೆ. ಕನ್ವರ್ಟ್ ಮಾಡ್ಬೇಕಲ್ವಾ? ಇಲ್ಲಿ ರಾಹುಕಾಲ ಒಂದರಿಂದ ಎರಡೂವರೆ!" ಎಂದು ಫೋನಿನಲ್ಲಿ ಲೆಕ್ಕ ಹಾಕಿ ಎತ್ತಿ ತೋರಿಸಿದೆ. ಅಂಕಲ್ ಕಣ್ಣರಳಿಸಿ, "ಓದಿದ್ ಮಕ್ಳು ನೋಡು" ಎಂದರು.

ಶುಕ್ರವಾರ ಒಂದು ಗಂಟೆಗೆ ನಾವು ಮುದುಕಪ್ಪನ ಮನೆಯಿಂದ ಎರಡು ಬೀದಿ ಆಚೆಯ ಪಾರ್ಕಿನಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ಬಿಸಿ ಬಿಸಿ ಚಿಪ್ಸ್ ತಂದು ನನ್ನ ನಲವತ್ತೆರಡು ಪ್ರಶ್ನೆಗಳ ಮೇಲೆ ಹರಡಿಕೊಂಡು ತಿಂದೆವು. ಗ್ಯಾಸಿನ ವಿಭಾಗಕ್ಕೆಲ್ಲ ಎಣ್ಣೆ ಹಿಡಿಯಿತು. ಆಂಟಿ ಎರಡು ಸಲ ಎದ್ದು ಬೀದಿಯ ತುದಿಯವರೆಗೆ ಹೋಗಿ ಬಂದರು. ನಾನು ಗಡಿಯಾರ ನೋಡಿ ನೋಡಿ ಹೇಳುತ್ತಿದ್ದೆ, "ಇನ್ನೂ ರಾಹು ಇದ್ದಾನೆ ಆಂಟಿ, ಕೂತ್ಕೊಳಿ." ಸರಿಯಾಗಿ ಎರಡು ಮೂವತ್ತೈದಕ್ಕೆ ಬಾಗಿಲು ತಟ್ಟಿದೆವು.

"ಅಯ್ಯೋ, ಈಗ ತಾನೇ ಹೋಯ್ತಲ್ಲ" ಎಂದ ಮುದುಕಪ್ಪ. "ಇಬ್ಬರು ಹುಡುಗರು ಒಂದೂಕಾಲಕ್ಕೇ ಬಂದು ಹಣ ಕೊಟ್ಟು ಓಡಿಸಿಕೊಂಡು ಹೋದರು. ನೀವೇ ಮೊದಲು ಬರ್ತೀರಿ ಅಂದುಕೊಂಡಿದ್ದೆ."

ಗಾಡಿ ನಿಂತಿದ್ದ ಜಾಗದಲ್ಲಿ ಒಣಗಿದ ಚೌಕ ಒಂದಿತ್ತು, ಸುತ್ತ ಒದ್ದೆ. ಅಂಕಲ್ ಅದನ್ನೇ ನೋಡುತ್ತ ನಿಂತರು. ಆಂಟಿ ಸೆರಗಿನ ಅಂಚಿನಿಂದ ಒಂದೊಂದೇ ಎಳೆಯನ್ನು ಹೊರಗೆಳೆಯುತ್ತ, "ನಾಳೆ ಬೇರೆ ಲಾಟ್ ಬತ್ತದೆ ಬುಡು" ಎಂದರು. ಮನೆ ತಲುಪುವಷ್ಟರಲ್ಲಿ ಒಂದು ಗೇಣು ಅಂಚು ಬಿಚ್ಚಿಹೋಗಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಇದನ್ನೆಲ್ಲ ದುಷ್ಟ ಹುಡುಗರ ಕಥೆಯಾಗಿ ಹೇಳಿದೆ. ಅಮ್ಮ ಸೌಟು ಕೆಳಗಿಟ್ಟರು.

"ಕನ್ವರ್ಟ್ ಮಾಡ್ದ್ಯಾ? ಅಲ್ವೇ, ರಾಹುಕಾಲ ನಾವಿರೋ ಊರಿನ ಸೂರ್ಯೋದಯದಿಂದ ಎಣಿಸೋದು ಕಣೇ. ಅಲ್ಲಿ ಬೆಳಿಗ್ಗೆ ಹತ್ತೂವರೆ ಅಂದ್ರೆ ಇಲ್ಲೂ ಹೆಚ್ಚುಕಮ್ಮಿ ಹತ್ತೂವರೇನೇ. ಬೆಂಗ್ಳೂರ್ ಸೂರ್ಯ ಎರಡೂವರೆ ಗಂಟೆ ತಡವಾಗಿ ಬಂದು ಪರ್ತ್‌ನಲ್ಲಿ ಹುಟ್ತಾನಾ?"

ಅಂದರೆ ರಾಹು ಹನ್ನೆರಡಕ್ಕೇ ಎದ್ದು ಹೋಗಿದ್ದ. ಒಂದೂವರೆ ಗಂಟೆ ನಾವು ಪರಿಶುದ್ಧವಾದ ಶುಭ ಮುಹೂರ್ತದಲ್ಲಿ ಕೂತು ಚಿಪ್ಸ್ ತಿಂದಿದ್ದೆವು. ನನ್ನ ಊಟ ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಆಂಟಿಗೆ ಹೇಳಬೇಕೆಂದು ಬೇಲಿಯವರೆಗೆ ಹೋದೆ, ಅಕ್ಕನ ಕಾಲ್ ನಡೆಯುತ್ತಿತ್ತು. "ಅಮ್ಮಾ, ಸಿಕ್ಕಿತ್ತು ಅಂದ್ಯಲ್ಲಾ?" ಎಂದು ಅಕ್ಕ ಅಳುತ್ತಿದ್ದರು. "ಸಿಕ್ತು, ಹೋಯ್ತು" ಎಂದಷ್ಟೇ ಅಂದರು ಆಂಟಿ. ನನ್ನ ಹೆಸರನ್ನು ಎತ್ತಲಿಲ್ಲ. ನಾನು ವಾಪಸ್ ಬಂದೆ.

ಐದು ದಿನ ಒಂದೂ ಸರಿಯಾದ ಗಾಡಿ ಬರಲಿಲ್ಲ. ರಸ್ತೆಯಲ್ಲೇ ಎಂಟು ಹತ್ತು ದಿನ ಬೇಕು. ಹೆಣ್ಣುಮಕ್ಕಳಿಗೆ ಚೊಚ್ಚಲ ಹೆರಿಗೆ ಹೇಳಿದ ದಿನಕ್ಕೇ ಆಗುತ್ತದೆಂಬ ಭರವಸೆ ಇಲ್ಲ. ಆಂಟಿ ಕೊತ್ತಂಬರಿ ಸೊಪ್ಪು ಸೋಸುವಾಗ ಎಲೆ ಎಸೆದು ಕಡ್ಡಿ ಇಟ್ಟುಕೊಳ್ಳುವುದನ್ನು ಕಂಡೆ. ಅವರ ಕೈ ತಪ್ಪುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಆರನೇ ದಿನ ಒಂದು ಜಾಹೀರಾತು. ಅಡಿಲೇಡ್‌ನ ಗಂಡ ಹೆಂಡತಿ, ದೇಶ ಸುತ್ತಿ ಮುಗಿಸಿ, ಪರ್ತ್‌ನಲ್ಲೇ ಗಾಡಿ ಮಾರಿ ವಿಮಾನದಲ್ಲಿ ಊರಿಗೆ ಹೋಗುವವರು. ನೋಡಿದರೆ ಅದು ಮೋಟರ್‌ಹೋಮ್ ಅಲ್ಲ, ರೈಲಿನಿಂದ ಕೆಳಗೆ ಬಿದ್ದ ಟಿಫನ್ ಕ್ಯಾರಿಯರ್. ಪಕ್ಕದಲ್ಲಿ ಯಾರೋ ಒದ್ದಂಥ ನೆಗ್ಗು, ಮೈತುಂಬ ಕಂದು ಪಟ್ಟೆ, ಒಳಗೆ ನಾಯಿಯ ವಾಸನೆ. ನಾಯಿ ಸತ್ತು ಮೂರು ವರ್ಷವಾಗಿದೆಯಂತೆ, ವಾಸನೆ ಮಾತ್ರ ಬಾಲ ಅಲ್ಲಾಡಿಸಿಕೊಂಡು ಬಾಗಿಲಿಗೇ ಬಂತು. ನಾನು ಮೂಗು ಮುಚ್ಚಿಕೊಂಡೆ. ಆಂಟಿ ಮೂಗು ಒಳಗೆ ಹಾಕಿದರು.

ಜಡಿಮಳೆ ಸುರಿಯುತ್ತಿತ್ತು. ಒಂದೂವರೆ ಗಂಟೆ ಆಂಟಿ ಗಾಡಿಯೊಳಗೆ ಏನು ಮಾಡಿದರೆಂದು ನಾಲ್ಕರಿಂದ ಗುಣಿಸುವ ಅಗತ್ಯವೇ ಇಲ್ಲ. ಪ್ರತಿ ಕಿಟಕಿಯ ಕೆಳಗೆ ಬೆರಳು ಎಳೆದರು. ಸೂರಿನ ಮೂಲೆ ಮೂಲೆಗೆ ಅಂಗೈ ಹಚ್ಚಿ ಕಣ್ಣು ಮುಚ್ಚಿ ನಿಂತರು. ಫೋನಿಗೂ ಗುರುತು ಸಿಗದ ಆ ನುಣುಪು ಬೆರಳು ಒಂದು ಜಾಗದಲ್ಲಿ ನಿಂತು, ಹಿಂದೆ ಬಂದು, ಮತ್ತೆ ಮುಟ್ಟಿ, ಏನೂ ಇಲ್ಲವೆಂದು ಮುಂದೆ ಹೋಯಿತು. ಪ್ಲಾಸ್ಟಿಕ್ ಹಾಸಿಕೊಂಡು ಗಾಡಿಯ ಕೆಳಗೆ ಬೆನ್ನ ಮೇಲೆ ಜಾರಿ ಹೋದರು. ಸೀರೆಯುಟ್ಟು ಗಾಡಿಯ ಕೆಳಗೆ ಹೋಗಿ ಸೀರೆಯಲ್ಲೇ ವಾಪಸ್ ಬರುವುದು ಸರ್ಕಸ್ಸಿನವರಿಗೂ ಕಷ್ಟ. ಅಡಿಲೇಡ್ ಹೆಂಗಸು ಮೊದಲು ಕೈಕಟ್ಟಿ ನೋಡುತ್ತಿದ್ದಳು. ಆಮೇಲೆ ತಾನೂ ಮಳೆಯಲ್ಲಿ ಮಂಡಿಯೂರಿ ಟಾರ್ಚ್ ಹಿಡಿದಳು. ಆಂಟಿ ತುಕ್ಕು ಹಿಡಿದ ಒಂದು ಪಟ್ಟಿಯನ್ನು ತಟ್ಟಿ ಕೈ ಅಲ್ಲಾಡಿಸಿದರೆ, ಅವಳು ಹೊಸ ಬೋಲ್ಟ್ ತೋರಿಸುತ್ತಿದ್ದಳು. ಅನುವಾದಕಿಯ ಕೆಲಸ ಹೋಯಿತು. ಇಡೀ ಜೀವನದಲ್ಲಿ ನಾನು ಒಂದೂವರೆ ಗಂಟೆ ಸುಮ್ಮನೆ ನಿಂತದ್ದು ಅವತ್ತೇ.

ಕೊನೆಗೆ ಆಂಟಿ ಎದ್ದು ನಿಂತು, ಕೈ ಒರೆಸಿಕೊಂಡು, ತಮ್ಮ ನಲವತ್ತು ಇಂಗ್ಲಿಷ್ ಪದಗಳಲ್ಲಿ ನಾಲ್ಕನ್ನು ಎತ್ತಿಕೊಂಡರು. "ಮೈ ಡಾಟರ್. ಬ್ರಿಸ್ಬೇನ್. ಬೇಬಿ."

ಬೇಕೆಂಬುದನ್ನು ಮುಖದಲ್ಲೂ ತೋರಿಸಬಾರದೆಂದು ಹದಿನೈದು ಗಾಡಿಗಳ ಮುಂದೆ ನನಗೆ ಕಲಿಸಿದವರು, ಮಾರುವವರ ಎದುರೇ ಬಾಯಿಬಿಟ್ಟಿದ್ದರು. ಅಡಿಲೇಡ್ ಹೆಂಗಸು ಒಂದು ಡಾಲರ್ ಕೂಡ ಇಳಿಸಲಿಲ್ಲ. ಒಳಗೆ ಹೋಗಿ ಒಂದು ಹಳೇ ನೋಟ್‌ಬುಕ್ ತಂದಳು. ಹನ್ನೆರಡು ವರ್ಷದ ರಿಪೇರಿಯೆಲ್ಲ ಅದರಲ್ಲಿ ಬರೆದಿತ್ತು. ಹಾಗೇ ಒಂದು ಬಿಡಿ ಬೆಲ್ಟು, ಒಂದು ಪೆಟ್ಟಿಗೆ ಸ್ಪ್ಯಾನರು. "ಚಳಿಯಲ್ಲಿ ಎರಡನೇ ಗೇರ್ ಬೀಳಲ್ಲ. ಬಲವಂತ ಮಾಡಬೇಡಿ. ಒಂದರಿಂದ ಸೀದಾ ಮೂರಕ್ಕೆ ಹಾಕಿ" ಎಂದಳು. ಇದನ್ನು ಅವಳು ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಅಡಿಲೇಡ್‌ನಲ್ಲಿ ತಮ್ಮ ಮನೆ ಮುಂದೆ ನಿಲ್ಲಿಸಿ, ಸ್ನಾನ ಮಾಡಿ, ಮಲಗಿ ಹೋಗಬೇಕೆಂದು ವಿಳಾಸವನ್ನೂ ಬರೆದುಕೊಟ್ಟಳು.

ಹದಿನೆಂಟು ಸಾವಿರ ಕೇಳಿದ್ದಕ್ಕೆ ಹದಿನೆಂಟು ಸಾವಿರ ಕೊಟ್ಟರು. ಕೊತ್ತಂಬರಿ ಕಟ್ಟಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ಆಂಟಿ!

"ಯಾಕ್ ಆಂಟಿ ಬಾರ್ಗೇನ್ ಮಾಡ್ಲಿಲ್ಲ?" ಎಂದೆ, ನಮ್ಮ ಕಾರು ಹತ್ತಿದ ಮೇಲೆ.

"ಒಳ್ಳೇ ಮಾಲ್ ಮುಂದೆ ಎಷ್ಟೊತ್ ನಿಂತ್ಕತೀಯ? ಈಗ ನಂಗೆ ಕಮ್ಮಿ ಇರೋದು ದುಡ್ಡಲ್ಲ ಕಣಮ್ಮಿ. ದಿನ."

ಆಗ ನನಗೆ ತಡೆಯಲಾಗಲಿಲ್ಲ. ರಾಹುಕಾಲದ ಕಥೆಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಏನನ್ನೂ ಸೇರಿಸಲಿಲ್ಲ, ಸೇರಿಸಲು ಜಾಗವೂ ಇರಲಿಲ್ಲ. ಆಂಟಿ ಸ್ಟೀರಿಂಗ್ ಹಿಡಿದು ಮಳೆ ನೋಡುತ್ತ ಕೇಳಿಸಿಕೊಂಡರು.

"ನಿಮ್ಗೆ ಅವತ್ತೇ ಗೊತ್ತಿತ್ತಾ ಆಂಟಿ?"

"ಗೊತ್ತಿದ್ರೆ ನಿನ್ ಕಿವಿ ಅವತ್ತೇ ನನ್ ಕೈಗ್ ಬತ್ತಿತ್ತು." ವೈಪರ್ ಹಾಕಿ ಹೇಳಿದರು: "ಮಾರ್ಕೆಟ್‌ಗೆ ಓದ್ ಮೊದಲ್ನೇ ವರ್ಷ ಒಂದ್ ಲಾಟ್ ನೋಡಿ, ಅಬ್ಬಾ ಎಂಥಾ ಗೂಡು ಅಂತ ಕೂಗ್ಬುಟ್ಟೆ. ಸುತ್ತಾ ನಿಂತಿದ್ದೋರೆಲ್ಲ ತಿರುಗ್ ನೋಡುದ್ರು. ನಂಗೆ ಸಿಗ್ನಿಲ್ಲ. ಅವತ್ ಒಲೆ ಹಚ್ನಿಲ್ಲ, ಆರು ಜನ ಕೆಲ್ಸದ್ ಹೆಣ್ಮಕ್ಳು ಸುಮ್ನೆ ಮನೆಗೋದ್ರು. ಬಾಯ್ ಮುಚ್ಚೋದ್ ನಾನೂ ಎಲ್ಲಾರ್ಗೂ ನಷ್ಟ ಮಾಡ್ಸೇ ಕಲ್ತಿದ್ದು. ನೀನ್ ಹದಿನಾರುಕ್ಕೇ ಕಲ್ತ್ರೆ ನಂಗಿಂತ ಜಾಣೆ."

ಹಿಂದಿನ ಸೀಟಿನಿಂದ ಅಂಕಲ್, "ಕಲಿಯಲ್ಲ" ಎಂದರು. ಉಸಿರು ತುಂಬಿಕೊಂಡು, "ಕಲಿಯೋದೂ ಬೇಡ. ಮನೆ ಬಣಗುಟ್ಟುತ್ತೆ" ಎಂದರು.

ಎರಡು ದಿನದಲ್ಲಿ ಹೊರಟರು. ಆ ಟಿಫನ್ ಕ್ಯಾರಿಯರ್‌ಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಆಂಟಿ ಸೆರಗು ಸಿಕ್ಕಿಸಿ ಚಾಲಕರ ಸೀಟಿಗೆ ಹತ್ತಿದಾಗ ನಮ್ಮ ಬೀದಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಆಂಟಿ ಒಂದರಿಂದ ಸೀದಾ ಮೂರಕ್ಕೆ ಹಾಕಿ ತಿರುವಿನಲ್ಲಿ ಮರೆಯಾದರು. ಮುಂದೆ ನಾಲ್ಕೂವರೆ ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಮರವೇ ಇಲ್ಲದ ಬಯಲು, ಪೆಟ್ರೋಲ್ ಹಾಕಿಸುವ ಸರ್ವೋ ಸಿಗಬೇಕಾದರೆ ಗಂಟೆಗಟ್ಟಲೆ ಓಡಿಸಬೇಕಾದ ರಸ್ತೆ. ಹಗಲಿನಲ್ಲಷ್ಟೇ ಓಡಿಸಿ, ಕಾಂಗರೂಗಳು ಹೊರಡುವ ಹೊತ್ತಿಗೆ ನಿಲ್ಲಿಸಿ, ಅನ್ನ ಸಾರು ಮಾಡಿ ಮಲಗುತ್ತಿದ್ದರಂತೆ. ಅಡಿಲೇಡ್ ತಲುಪಿದ ದಿನ ಅಂಕಲ್ ಒಂದು ಫೋಟೋ ಕಳಿಸಿದರು. ಆ ಹೆಂಗಸಿನ ಮನೆ ಮುಂದೆ ಗಾಡಿಯ ಬಾನೆಟ್ ತೆರೆದಿದೆ, ಒಳಗೆ ಎರಡು ತಲೆ, ಹೊರಗೆ ಒಂದು ಜೀನ್ಸು, ಒಂದು ಸೀರೆ.

ಹತ್ತನೇ ದಿನ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. ಅಂಕಲ್‌ರ ವಿಡಿಯೋ ಕಾಲ್.

"ಅಂಕಲ್! ತಲುಪಿದ್ರಾ? ಅಕ್ಕ ಎಲ್ಲಿ? ಬೇಬಿ ಬಂತಾ?"

ಅಂಕಲ್ ತುಟಿಯ ಮೇಲೆ ಬೆರಳಿಟ್ಟು ಫೋನನ್ನು ಆಚೆ ತಿರುಗಿಸಿದರು. ಬ್ರಿಸ್ಬೇನ್‌ನ ಬಿಸಿಲು, ಯೂನಿಟ್ಟುಗಳ ಹಿಂದಿನ ಖಾಲಿ ಜಾಗ, ಧೂಳಿನಲ್ಲಿ ಪಟ್ಟೆಗಳೇ ಕಾಣದಂತಾದ ನಮ್ಮ ಗಾಡಿ. ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಹಾಸಿಗೆಯಲ್ಲಿ ದೊಡ್ಡ ಹೊಟ್ಟೆಯನ್ನು ಪಕ್ಕಕ್ಕೆ ಒರಗಿಸಿ, ಬಾಯಿ ತೆರೆದುಕೊಂಡು ಅಕ್ಕ ಗಾಢವಾಗಿ ಮಲಗಿದ್ದರು. ಅಮ್ಮ ಬಂದಳೆಂದು ಮೂರು ಮಹಡಿ ಇಳಿದು ಬಂದು, ಸ್ವಲ್ಪ ಕೂರುತ್ತೇನೆಂದವರು ಮಾತಾಡುತ್ತಾಡುತ್ತಲೇ ಒರಗಿದರಂತೆ. ಅದಾಗಿ ನಾಲ್ಕು ಗಂಟೆಯಾಗಿತ್ತು.

ಬಾಗಿಲ ಮೆಟ್ಟಿಲ ಮೇಲೆ ಆಂಟಿ ಕೂತಿದ್ದರು. ಕಾಲಲ್ಲಿ ಇನ್ನೂ ಶೂ ಇತ್ತು. ಮುಖ ತೊಳೆದಿರಲಿಲ್ಲ, ಕಾಫಿ ಕುಡಿದಿರಲಿಲ್ಲ. ಟಿಫನ್ ಹಿಡಿದು ಎದುರು ನಿಂತಿದ್ದ ಅಳಿಯನನ್ನೂ ಒಳಗೆ ಬಿಡದೆ ಕೈಯಡ್ಡ ಹಿಡಿದಿದ್ದರು. ಫೋನಿನಲ್ಲಿ ನನ್ನ ಮುಖ ಕಂಡು ಹತ್ತಿರ ಬಗ್ಗಿದರು.

"ಆಮೇಲ್ ಮಾತಾಡಾನ ಚಿನ್ನೂ" ಎಂದು ಪಿಸುಗುಟ್ಟಿದರು. "ಮಲ್ಗವ್ಳೆ."